ಗೇಮ್ ಮಾಡೋಕೆ ಮೊದ್ಲು ಯಾವ ಭಾಷೆ ಕಲೀಬೇಕು: ಸ್ಕ್ರ್ಯಾಚಾ, ಪೈಥಾನಾ, ಜಾವಾಸ್ಕ್ರಿಪ್ಟಾ, ಗೊಡಾಟಾ?

ಎರಡು ಮೂರು ತಿಂಗಳಿಂದ ಒಂದೇ ಪ್ರಶ್ನೆ ನಾಲ್ಕು ವೇಷ ಹಾಕ್ಕೊಂಡು ಬರ್ತಾ ಇದೆ. ಒಬ್ರು ಅಮ್ಮ, ಮಗಳು ಐದನೇ ಕ್ಲಾಸು, ದಿನಾ ಫೋನಲ್ಲಿ ಗೇಮ್ ಆಡ್ತಾಳೆ, ಆಡೋ ಬದ್ಲು ಮಾಡೋದು ಕಲೀಲಿ ಅಂತ ಆಸೆ, ಏನು ಕೊಡ್ಲಿ ಅಂದ್ರು. ಡಿಪ್ಲೊಮಾ ಓದೋ ಹುಡುಗ, ಅಣ್ಣನ ಹಳೇ ಲ್ಯಾಪ್‌ಟಾಪು, 4 ಜಿಬಿ ರ್ಯಾಮು, ಯೂನಿಟಿ (ಗೇಮ್ ಮಾಡೋ ದೊಡ್ಡ ಸಾಫ್ಟ್‌ವೇರು) ತೆಗೆದ್ರೆ ಫ್ಯಾನು ರೈಸ್ ಮಿಲ್ ತರ ಸದ್ದು ಮಾಡತ್ತೆ ಅಂದ. ಇನ್ನೊಬ್ಬ ನನ್ನತ್ರ ಲ್ಯಾಪ್‌ಟಾಪೇ ಇಲ್ಲ, ಫೋನ್ ಮಾತ್ರ ಅಂದ. ನಾಲ್ಕನೇಯವ್ರು ಬ್ಯಾಂಕಲ್ಲಿ ಕೆಲ್ಸ ಮಾಡೋರು, ಕೋಡಿಂಗ್ ಅಆಇಈ ಗೊತ್ತಿಲ್ಲ, ಆದ್ರೆ ಅಜ್ಜಿ ಜೊತೆ ಆಡ್ತಿದ್ದ ಅಳಗುಳಿಮಣೆನ ಫೋನಿಗೆ ತರ್ಬೇಕು ಅಂತ ಹಟ. ಈ ನಾಲ್ಕು ಜನಕ್ಕೂ "ಪೈಥಾನ್ ಕಲೀರಿ, ಈಸಿ ಇದೆ" ಅಂತ ಒಂದೇ ಮಾತು ಹೇಳಿ ಕೈ ತೊಳ್ಕೋಬಹುದಿತ್ತು, ತುಂಬಾ ಜನ ಹಂಗೇ ಮಾಡ್ತಾರೆ. ಅದು ತಪ್ಪು ಅನ್ನಿಸ್ತು, ಅದಕ್ಕೆ ಕೂತು ಇಷ್ಟುದ್ದ ಬರೀತಿದೀನಿ.

ನಾನೇನು ಗೇಮ್ ಕಂಪನಿಯವನಲ್ಲ, ಹಗಲು ಹೊಟ್ಟೆಪಾಡಿನ ಸಾಫ್ಟ್‌ವೇರು, ರಾತ್ರಿ ಊಟ ಆದ್ಮೇಲೆ ಈ ಹುಚ್ಚು. ಇದನ್ನ ಬರೆಯೋ ಮುಂಚೆ ಎರಡು ಸಣ್ಣ ಆಟ ಇಟ್ಕೊಂಡು ಒಂದೊಂದು ಭಾಷೇಲೂ ಮಾಡಿ ನೋಡಿದೆ. ಒಂದು, ಮೇಲಿಂದ ಮಾವಿನಕಾಯಿ ಬೀಳತ್ತೆ, ಕೆಳಗೆ ಬುಟ್ಟಿ ಆ ಕಡೆ ಈ ಕಡೆ ಓಡಿಸಿ ಹಿಡೀಬೇಕು, ಹಿಡಿದ್ರೆ ಒಂದು ಅಂಕ. ಇನ್ನೊಂದು ಅಳಗುಳಿಮಣೆ, ಎರಡು ಸಾಲು, ಸಾಲಿಗೆ 7 ಗುಳಿ, ಒಟ್ಟು 14, ಒಂದು ಗುಳಿಯ ಹುಣಸೆಬೀಜ ಎತ್ಕೊಂಡು ಸುತ್ತ ಒಂದೊಂದೇ ಹಾಕ್ತಾ ಹೋಗೋದು. ಮೊದಲನೇದ್ರಲ್ಲಿ ಚಲನೆ ಜಾಸ್ತಿ ಲೆಕ್ಕ ಕಮ್ಮಿ, ಎರಡನೇದ್ರಲ್ಲಿ ಏನೂ ಓಡಲ್ಲ ಆದ್ರೆ ಲೆಕ್ಕ ತಲೆ ತಿನ್ನತ್ತೆ. ಒಂದು ಭಾಷೆ ಒಂದಕ್ಕೆ ಹೇಳಿ ಮಾಡಿಸಿದಂಗಿದ್ರೆ ಇನ್ನೊಂದಕ್ಕೆ ಕೈ ಕೊಡತ್ತೆ, ಅದು ಮುಂದೆ ಗೊತ್ತಾಗತ್ತೆ.

ಏನೇನು ನೋಡ್ಬೇಕು

ಮೊದ್ಲು ನಿಮ್ಮತ್ರ ಇರೋ ಮೆಷೀನು. ಇದನ್ನ ಯಾರೂ ಕೇಳಲ್ಲ, ಎಲ್ರೂ ಭಾಷೆ ಚೆನ್ನಾಗಿದ್ಯಾ ಅಂತ್ಲೇ ಕೇಳ್ತಾರೆ. ಎರಡನೇದು, ಶುರು ಮಾಡಿದ ಎಷ್ಟು ಹೊತ್ತಿಗೆ ಸ್ಕ್ರೀನಲ್ಲಿ ಏನಾದ್ರೂ ಅಲ್ಲಾಡತ್ತೆ, ಯಾಕಂದ್ರೆ ಮೊದಲ ರಾತ್ರಿ ಬರೀ ಇನ್‌ಸ್ಟಾಲ್ ಮಾಡೋದ್ರಲ್ಲೇ ಕಳೆದ್ರೆ ಎರಡನೇ ರಾತ್ರಿ ಕೂರೋರು ಕಮ್ಮಿ. ಮೂರನೇದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಮಾಡಿದ ಆಟ ಇನ್ನೊಬ್ರ ಕೈಗೆ ಹೆಂಗೆ ಹೋಗತ್ತೆ? ಫ್ರೆಂಡಿಗೆ ವಾಟ್ಸಾಪಲ್ಲಿ ಒಂದು ಲಿಂಕ್ ಕಳ್ಸಿ, ಅವನು ಬಸ್ಸಲ್ಲಿ ನಿಂತ್ಕೊಂಡು ಒತ್ತಿದ್ರೆ ಆಟ ತೆರ್ಕೊಂಡ್ರೆ, ಅವನು ಆಡಿ "ಲೋ ಬುಟ್ಟಿ ಮೂಲೇಲಿ ಸಿಕ್ಕಾಕೊಳತ್ತೆ ಕಣೋ" ಅಂತ ಬೈದ್ರೆ, ನೀವು ಆವತ್ತೇ ಕೂತು ಸರಿ ಮಾಡ್ತೀರಾ. ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಆಚೆ ಹೋಗದೇ ಇರೋ ಆಟನ ನೀವೂ ಎರಡು ವಾರಕ್ಕೆ ಮರೀತೀರಾ. ನಾಲ್ಕನೇದು ನಮ್ಮ ತಾಪತ್ರಯ, ಕನ್ನಡ ಅಕ್ಷರ ಸ್ಕ್ರೀನಲ್ಲಿ ಒತ್ತು ಸಮೇತ ಸರಿಯಾಗಿ ಕೂರತ್ತಾ ಇಲ್ವಾ. ಆಮೇಲೆ ದುಡ್ಡು, ಆಮೇಲೆ ಮುಂದೆ ಓದಿಗೋ ಕೆಲ್ಸಕ್ಕೋ ಉಪಯೋಗ ಆಗತ್ತಾ ಅನ್ನೋದು.

ಸ್ಕ್ರ್ಯಾಚ್

ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಮಾಡಿದ್ದು, 2007ರಲ್ಲಿ ಎಲ್ರಿಗೂ ಸಿಕ್ತು, ಈಗಿನ 3.0 ಬಂದಿದ್ದು 2019ರಲ್ಲಿ. ಟೈಪ್ ಮಾಡೋದೇ ಇಲ್ಲ, ಬಣ್ಣಬಣ್ಣದ ಬ್ಲಾಕ್ ಎಳೆದು ಒಂದಕ್ಕೊಂದು ಸಿಕ್ಕಿಸೋದು, ಕೂರದ ಬ್ಲಾಕು ಕೂರೋದೇ ಇಲ್ಲ, ಹಂಗಾಗಿ ಬ್ರ್ಯಾಕೆಟ್ ಮರ್ತೆ, ಸ್ಪೆಲ್ಲಿಂಗ್ ತಪ್ಪಾಯ್ತು ಅನ್ನೋ ಗೋಳು ಇಲ್ಲ. ಪೂರ್ತಿ ಫ್ರೀ, ಬ್ರೌಸರಲ್ಲೇ ನಡಿಯತ್ತೆ, ನೆಟ್ ಇಲ್ದಿದ್ರೆ ಆಫ್‌ಲೈನ್ ಆ್ಯಪ್ ಇದೆ. ಅವರೇ ಹೇಳೋದು 8ರಿಂದ 16 ವರ್ಷದವ್ರಿಗೆ ಅಂತ, ಅದಕ್ಕಿಂತ ಚಿಕ್ಕವ್ರಿಗೆ ಸ್ಕ್ರ್ಯಾಚ್ ಜೂನಿಯರ್ ಅಂತ ಬೇರೇನೇ ಇದೆ.

ಮಾವಿನಕಾಯಿ ಆಟ ಇದ್ರಲ್ಲಿ ಮುಕ್ಕಾಲು ಗಂಟೇಲಿ ಆಯ್ತು. ಸ್ಟೇಜ್, ಅಂದ್ರೆ ಆಟ ನಡಿಯೋ ಚೌಕ, 480 ಅಗಲ 360 ಎತ್ತರ, ಮಧ್ಯದಲ್ಲಿ ಸೊನ್ನೆ, ಎಡಕ್ಕೆ ಮೈನಸ್ 240 ಬಲಕ್ಕೆ 240, ಹೈಸ್ಕೂಲಲ್ಲಿ ಗ್ರಾಫ್ ಶೀಟಲ್ಲಿ ನೋಡಿದ್ದೇ ಇಲ್ಲಿ ಬರತ್ತೆ, ಐದನೇ ಕ್ಲಾಸ್ ಮಗೂಗೆ ಮೈನಸ್ ಸಂಖ್ಯೆ ಅಂದ್ರೆ ಏನು ಅಂತ ಬುಟ್ಟಿ ಓಡಿಸ್ತಾನೇ ಗೊತ್ತಾಗೋಗತ್ತೆ. ಒಂದು ಕಿವಿಮಾತು, ಬುಟ್ಟಿನ ಬಾಣದ ಕೀಲಿ ಇಟ್ಟು ಓಡಿಸ್ಬೇಡಿ, ಮೌಸ್ ಎಲ್ಲಿದ್ಯೋ ಅಲ್ಲಿಗೆ ಬುಟ್ಟಿ ಬರೋ ತರ ಮಾಡಿ. ಯಾಕಂದ್ರೆ ಲಿಂಕ್ ಕಳ್ಸಿದ್ರೆ ಅಜ್ಜಿ ತಾತ ತೆಗಿಯೋದು ಫೋನಲ್ಲಿ, ಫೋನಲ್ಲಿ ಬಾಣದ ಕೀಲಿ ಎಲ್ಲಿಂದ ತರ್ತಾರೆ? ಬೆರಳು ಮುಟ್ಟಿದ್ದನ್ನ ಮೌಸ್ ಅಂತ ತಗೊಳತ್ತೆ, ಆಟ ನಡಿಯತ್ತೆ.

ಅಳಗುಳಿಮಣೇಲಿ ಮಾತ್ರ ಸುಸ್ತಾದೆ. ನಾವು ಮಾಡ್ಕೊಳೋ ಬ್ಲಾಕು ಲೆಕ್ಕ ಮಾಡಿ ಉತ್ತರ ವಾಪಸ್ ಕೊಡಲ್ಲ, ಎಲ್ಲಾನೂ ಒಂದು ವೇರಿಯಬಲ್ಲಿಗೆ (ಹೆಸರಿಟ್ಟ ಡಬ್ಬಿ ಅನ್ಕೊಳ್ಳಿ) ಹಾಕಿ ಅಲ್ಲಿಂದ ಎತ್ಕೋಬೇಕು, 14 ಗುಳಿಗೆ ಬ್ಲಾಕು ಜೋಡಿಸ್ತಾ ಜೋಡಿಸ್ತಾ ಸ್ಕ್ರೀನ್ ತುಂಬ ಬಣ್ಣದ ರೈಲು ನಿಂತಂಗಾಯ್ತು, ಆ ರೈಲಲ್ಲಿ ತಪ್ಪು ಯಾವ ಬೋಗೀಲಿದೆ ಅಂತ ಹುಡ್ಕೋದು ಟೈಪ್ ಮಾಡಿದ ಕೋಡಲ್ಲಿ ಹುಡ್ಕೋದಕ್ಕಿಂತ ಕಷ್ಟ. ಮಗು "ಇದ್ರಲ್ಲಿ ಆಗ್ತಿಲ್ಲ" ಅಂತ ಸಿಟ್ಟು ಮಾಡ್ಕೊಳೋ ದಿನ ಬರತ್ತೆ, ಆವತ್ತು ಟೈಪ್ ಮಾಡೋ ಭಾಷೆಗೆ ದಾಟಿಸಿ, ಅದಕ್ಕೆ ಮುಂಚೆ ಬೇಡ. ದೊಡ್ಡವ್ರು ಸ್ಕ್ರ್ಯಾಚ್ ಮಾಡಿದ್ರೆ ಮರ್ಯಾದೆ ಹೋಗತ್ತಾ ಅಂತ ಒಬ್ರು ಕೇಳಿದ್ರು. ಒಂದು ಭಾನುವಾರ ಮಾಡಿ ನೋಡಿ, ಏನೂ ಹೋಗಲ್ಲ.

ಪೈಥಾನ್

ಎಲ್ರ ಬಾಯಲ್ಲೂ ಇದೇ. 1991ರಲ್ಲಿ ಗಿಡೋ ವಾನ್ ರೋಸಮ್ ಹೊರಗೆ ಬಿಟ್ಟ ಭಾಷೆ, ಸಿಬಿಎಸ್‌ಇ 11, 12ನೇ ಕ್ಲಾಸಿನ ಕಂಪ್ಯೂಟರ್ ಸೈನ್ಸಲ್ಲಿ ಇದೇ, ಡೇಟಾ ಸೈನ್ಸು ಎಐ ಅಂತ ಯಾವ ಕಡೆ ಹೋದ್ರೂ ಇದೇ ಸಿಗತ್ತೆ, ಓದೋಕೆ ಸಲೀಸಾಗಿದೆ. ಗೇಮಿಗೆ ಪೈಗೇಮ್ ಅಂತ ಒಂದು ಲೈಬ್ರರಿ (ಬೇರೆಯವ್ರು ಬರೆದಿಟ್ಟಿರೋ ರೆಡಿ ಕೋಡು), 2000ದಿಂದ ಇದೆ. ಹೊಸಬ್ರು ಪೈಗೇಮ್ ಝೀರೋ ತಗೊಳ್ಳಿ, ಅದ್ರಲ್ಲಿ ವಿಂಡೋ ತೆರೆಯೋ, ಲೂಪ್ ತಿರುಗ್ಸೋ ಶಾಸ್ತ್ರ ಎಲ್ಲ ಅದೇ ನೋಡ್ಕೊಳತ್ತೆ. ವಿಂಡೋಸಲ್ಲಿ ಇನ್‌ಸ್ಟಾಲ್ ಮಾಡುವಾಗ ಕೆಳಗಡೆ ಪಾತ್‌ಗೆ ಸೇರಿಸ್ಲಾ ಅಂತ ಒಂದು ಚಿಕ್ಕ ಟಿಕ್ ಬಾಕ್ಸ್ ಇರತ್ತೆ, ಅದನ್ನ ಹಾಕಿ, ಹಾಕದೇ ಇದ್ದು ಆಮೇಲೆ ಒಂದು ರಾತ್ರಿ ಪೂರ್ತಿ ತಲೆ ಕೆರ್ಕೊಂಡೋರಲ್ಲಿ ನಾನೂ ಒಬ್ಬ.

ಅಳಗುಳಿಮಣೆ ಇದ್ರಲ್ಲಿ ಬೆಣ್ಣೆ ತರ ಬಂತು. ಗುಳಿಗಳ ನಂಬರು 0ಯಿಂದ 13. ಮುಂದಿನ ಗುಳಿ ಯಾವ್ದು ಅಂದ್ರೆ ಗುಳಿ = (ಗುಳಿ + 1) % 14, ಅಷ್ಟೇ. ಆ ಪರ್ಸೆಂಟ್ ಗುರುತು ಭಾಗಿಸಿದಾಗ ಉಳಿಯೋ ಶೇಷ ಕೊಡತ್ತೆ, 13 ಆದ್ಮೇಲೆ 14 ಬಂದ್ರೆ ಶೇಷ 0, ತಾನಾಗೇ ಸುತ್ತಿ ಮೊದಲನೇ ಗುಳಿಗೆ ಬಂತು. ಇನ್ನೂ ಒಂದು ಖುಷಿ, "ಗುಳಿ" ಅಂತ ವೇರಿಯಬಲ್ ಹೆಸರನ್ನ ಕನ್ನಡದಲ್ಲೇ ಇಡಬಹುದು, ಪೈಥಾನ್ 3 ಒಪ್ಕೊಳತ್ತೆ. ಆದ್ರೆ "ಸ್ಕೋರ್‌ಬೋರ್ಡ್" ಅಂತ ಇಟ್ಟೆ ನೋಡಿ, ಎರರ್ರು! ಕಣ್ಣಿಗೆ ಏನೂ ತಪ್ಪು ಕಾಣಲ್ಲ. ವಿಷಯ ಏನಂದ್ರೆ ರ್ ಮುಂದಿನ ಬೋ ಜೊತೆ ಸೇರಿ ಅರ್ಕಾವತ್ತಾಗದೇ ಇರ್ಲಿ ಅಂತ ಕೀಬೋರ್ಡ್ ಮಧ್ಯದಲ್ಲಿ ಒಂದು ಕಾಣದ ಅಕ್ಷರ ತೂರ್ಸಿರತ್ತೆ, ಪೈಥಾನ್ ಅದನ್ನ ಹೆಸರೊಳಗೆ ಬಿಟ್ಕೊಳಲ್ಲ. ಅದೇ ಹೆಸರನ್ನ ಜಾವಾಸ್ಕ್ರಿಪ್ಟಿಗೆ ಕೊಟ್ರೆ ತಕರಾರಿಲ್ದೆ ತಗೊಳತ್ತೆ. "ಅಂಕ" ಅಂತ ಇಟ್ಟು ಸುಮ್ನಾದೆ.

ಈಗ ಕಹಿ. ಆಟ ಇನ್ನೊಬ್ರಿಗೆ ಕೊಡೋ ವಿಷಯದಲ್ಲಿ ಪೈಥಾನ್ ಎಡವತ್ತೆ. ಪೈಇನ್‌ಸ್ಟಾಲರ್ ಅಂತ ಇಟ್ಕೊಂಡು ಇಎಕ್ಸ್‌ಇ ಮಾಡ್ಬಹುದು, ಕಳ್ಸಿದ್ರೆ ಎಷ್ಟೋ ಸಲ ಫ್ರೆಂಡ್ ಕಂಪ್ಯೂಟರಿನ ಆ್ಯಂಟಿವೈರಸ್ಸು ಕಳ್ಳನ್ನ ಹಿಡ್ದಂಗೆ ಹಿಡಿಯತ್ತೆ. ಫೋನಿಗೆ ಹಾಕೋದು ದೊಡ್ಡ ಸರ್ಕಸ್. ಪೈಗ್‌ಬ್ಯಾಗ್ ಅಂತ ಒಂದಿದೆ, ಬ್ರೌಸರಲ್ಲಿ ಓಡೋ ತರ ಮಾಡಿ ಕೊಡತ್ತೆ, ಆದ್ರೆ ಹೊಸಬ್ರು ಮೊದಲ ವಾರದಲ್ಲಿ ಅದಕ್ಕೆ ಕೈ ಹಾಕೋದು ಬೇಡ. ಕನ್ನಡ ಅಕ್ಷರದ ಕಥೆನೂ ಅಷ್ಟಕ್ಕಷ್ಟೇ, ಕನ್ನಡ ಫಾಂಟ್ ಫೈಲ್ ಕೊಡದೇ ಬರೆದ್ರೆ ಡಬ್ಬಿ ಡಬ್ಬಿ ಬಂತು, ಫಾಂಟ್ ಕೊಟ್ಟ ಮೇಲೂ ನನ್ನ ಹಳೇ ವರ್ಷನ್ನಲ್ಲಿ "ಗೆದ್ದೆ" ಅನ್ನೋದ್ರ ಒತ್ತು ಕೆಳಗಿಳಿಯದೇ ಪಕ್ಕದಲ್ಲಿ ನಿಂತಿತ್ತು. ಕೊನೆಗೆ "ಗೆದ್ದೆ" ಅಂತ ಒಂದು ಪಿಎನ್‌ಜಿ ಚಿತ್ರ ಮಾಡಿ ಅದನ್ನೇ ತೋರ್ಸಿದೆ. ನಾಚಿಕೆ ಏನಿಲ್ಲ, ನಾಲ್ಕು ಪದಕ್ಕೆ ಇದು ಸಾಕು.

ಹಂಗಾಗಿ ನನ್ನ ಲೆಕ್ಕ ಇದು: ಪ್ರೋಗ್ರಾಮಿಂಗ್ ಕಲಿಯೋದು ಗುರಿ, ಗೇಮ್ ಅದಕ್ಕೆ ನೆಪ ಅನ್ನೋರಿಗೆ ಪೈಥಾನ್. ಗೇಮೇ ಗುರಿ ಅನ್ನೋರಿಗೆ ಅಲ್ಲ.

ಜಾವಾಸ್ಕ್ರಿಪ್ಟ್

ಇದಕ್ಕೆ ಬೈಯೋರು ಜಾಸ್ತಿ, 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಮಾಡಿದ್ದು ಅಂತ ಆಡ್ಕೊಳೋರೂ ಇದಾರೆ. ಆದ್ರೆ ಬೇರೇನೂ ಎಳೀದ ಹಳೇ ಲ್ಯಾಪ್‌ಟಾಪ್ ಇರೋರಿಗೆ, ಫೋನ್ ಮಾತ್ರ ಇರೋರಿಗೆ ನಾನು ಕಣ್ಣು ಮುಚ್ಚಿ ಹೇಳೋದು ಇದನ್ನೇ. ಇನ್‌ಸ್ಟಾಲ್ ಅನ್ನೋ ಮಾತೇ ಇಲ್ಲ. ನೋಟ್‌ಪ್ಯಾಡ್ ತೆಗೀರಿ, ಒಂದು ಎಚ್‌ಟಿಎಂಎಲ್ ಫೈಲ್ ಮಾಡಿ, ಕ್ಯಾನ್ವಾಸ್ ಅಂತ ಒಂದು ಚೌಕ ಹಾಕಿ, ಅದ್ರೊಳಗೆ ಬರೀರಿ, ಬ್ರೌಸರಲ್ಲಿ ತೆರೀರಿ. ಕನ್ನಡ ಅಕ್ಷರ ಬ್ರೌಸರೇ ಬರ್ಯೋದ್ರಿಂದ ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ಪೇಪರಲ್ಲಿ ಬಂದಂಗೆ ಬರತ್ತೆ, ಬೇರೇನೂ ಮಾಡ್ಬೇಕಿಲ್ಲ. ಆಮೇಲೆ ಇಚ್.ಐಓ ಅನ್ನೋ ಸೈಟಿಗೋ ಗಿಟ್‌ಹಬ್ ಪೇಜಸಿಗೋ ಫ್ರೀಯಾಗಿ ಹಾಕಿ ಲಿಂಕ್ ಕಳ್ಸಿ, ಮುಗೀತು, ಬಸ್ಸಲ್ಲಿರೋ ಫ್ರೆಂಡ್ ಆಡ್ತಾ ಇರ್ತಾನೆ.

ನನ್ನ ಪೇಚಾಟ ಶುರುವಾಗಿದ್ದು ಅಲ್ಲಿಂದಾನೇ. ನನ್ನ ಫೋನಲ್ಲಿ ಮಾವಿನಕಾಯಿ ನಿಧಾನವಾಗಿ ತೇಲ್ಕೊಂಡು ಬೀಳ್ತಿತ್ತು, ಅಕ್ಕನ ಮಗನಿಗೆ ಲಿಂಕ್ ಕಳ್ಸಿದೆ, ಅವನು "ಮಾಮ ಇದು ಆಡಕ್ಕೇ ಆಗಲ್ಲ, ಕಲ್ಲು ಹೊಡ್ದಂಗೆ ಬೀಳತ್ತೆ" ಅಂದ. ಹುಡುಗ ಸೋತಿದ್ದಕ್ಕೆ ನೆಪ ಹೇಳ್ತಿದಾನೆ ಅನ್ಕೊಂಡೆ, ಮನೆಗೆ ಬಂದಾಗ ನೋಡಿದ್ರೆ ಹೌದು, ಡಬಲ್ ಸ್ಪೀಡು. ನನ್ನ ಫೋನ್ ಸ್ಕ್ರೀನು ಸೆಕೆಂಡಿಗೆ 60 ಸಲ ಚಿತ್ರ ಬದಲಾಯಿಸೋದು, ಅವನದು 120. ನಾನು ಪ್ರತಿ ಚಿತ್ರಕ್ಕೂ ಕಾಯಿನ 4 ಪಿಕ್ಸೆಲ್ ಕೆಳಗಿಳ್ಸು ಅಂತ ಬರೆದಿದ್ದೆ, ಅಂದ್ರೆ ನನ್ನದ್ರಲ್ಲಿ ಸೆಕೆಂಡಿಗೆ 240, ಅವನದ್ರಲ್ಲಿ 480. ಪರಿಹಾರ ಸುಲಭ, ಹಿಂದಿನ ಚಿತ್ರ ಆಗಿ ಎಷ್ಟು ಹೊತ್ತಾಯ್ತು ಅಂತ ತಗೊಂಡು ಅದ್ರಿಂದ ವೇಗನ ಗುಣಿಸ್ಬೇಕು, ಆ ಹೊತ್ತಿಗೆ ಡೆಲ್ಟಾ ಅಂತಾರೆ. ಇದು ಯಾವ ಭಾಷೇಲಿ ಮಾಡಿದ್ರೂ ಒಂದಿನ ಎದುರಾಗೋದೇ. ನನಗೆ ಬೇಗ ಗೊತ್ತಾಗಿದ್ದು ಆಟ ಅವನ ಕೈಗೆ ಬೇಗ ಹೋಗಿದ್ದಕ್ಕೆ.

ಜಾವಾಸ್ಕ್ರಿಪ್ಟಿನ ಕೆಟ್ಟ ಬುದ್ಧಿ ಏನಂದ್ರೆ ತಪ್ಪಾದ್ರೆ ಮುಖದ ಮೇಲೆ ಹೇಳಲ್ಲ. ಬರೀ ಬಿಳಿ ಸ್ಕ್ರೀನು. ಎಫ್12 ಒತ್ತಿ ಕನ್ಸೋಲ್ ತೆಗೆದು ನೋಡೋದು ಮೊದಲ ದಿನವೇ ರೂಢಿ ಮಾಡ್ಕೊಳ್ಳಿ. ಆಮೇಲೆ ಅಂಕಿನೂ ಪಠ್ಯನೂ ಕಲಸಿಬಿಡತ್ತೆ: ಇದುವರೆಗೆ ಹಿಡಿದ ಒಟ್ಟು ಕಾಯಿ 20 ಅಂತ ಬ್ರೌಸರಲ್ಲಿ ಉಳಿಸಿಟ್ಟಿದ್ದೆ, ಮಾರನೇ ದಿನ ಅದನ್ನ ಓದಿ 5 ಕೂಡಿಸಿದ್ರೆ 25 ಬರ್ಬೇಕಲ್ಲ, ಬಂದಿದ್ದು 205. ಉಳಿಸಿಟ್ಟಿದ್ದು ವಾಪಸ್ ಬರುವಾಗ ಅಂಕಿಯಾಗಿ ಬರಲ್ಲ, ಪಠ್ಯವಾಗಿ ಬರತ್ತೆ, ಅದ್ರ ಪಕ್ಕಕ್ಕೆ 5ನ ಅಂಟಿಸಿ ಕೊಡ್ತು. ಕಿರಾಣಿ ಅಂಗಡಿ ಲೆಕ್ಕ ಹಿಂಗೆ ಬರೆದ್ರೆ ಮುಗೀತು ಕಥೆ! ನಂಬರ್ ಮಾಡ್ಕೊಂಡು ಕೂಡಿಸಿ. ಬರೀ ಕ್ಯಾನ್ವಾಸಲ್ಲಿ ಒಂದೆರಡು ಆಟ ಆದ್ಮೇಲೆ ಫೇಸರ್ ಅನ್ನೋ ಲೈಬ್ರರಿ ನೋಡಿ, 2013ರಿಂದ ಇದೆ, ಡಿಕ್ಕಿ, ಗುರುತ್ವ, ಸೌಂಡು ಎಲ್ಲ ರೆಡಿ ಸಿಗತ್ತೆ.

ಫೋನಲ್ಲೇ ಬರ್ಯೋರಿಗೆ ಒಂದು ಮಾತು, ಆಗತ್ತೆ, ಕೋಡ್ ಎಡಿಟರ್ ಆ್ಯಪ್ ಸುಮಾರಿದೆ, ಆದ್ರೆ ಹೆಬ್ಬೆಟ್ಟಲ್ಲಿ ಬ್ರ್ಯಾಕೆಟ್ ಹೊಡಿಯೋದು ನರಕ. ಒಂದು ಒಟಿಜಿ ಕೇಬಲ್ ಹಾಕಿ ಸಾಧಾರಣ ಯುಎಸ್‌ಬಿ ಕೀಬೋರ್ಡ್ ಚುಚ್ಚಿದ್ರೆ ಅರ್ಧ ಕಷ್ಟ ಕಮ್ಮಿ.

ಗೊಡಾಟ್, ಅಂದ್ರೆ ಜಿಡಿಸ್ಕ್ರಿಪ್ಟ್

ಗೊಡೋ ಅಂತ ಹೇಳ್ಬೇಕು ಅನ್ನೋರಿದಾರೆ, ನಾನು ಗೊಡಾಟ್ ಅಂತ್ಲೇ ಅಂತೀನಿ. ಇದು ಭಾಷೆ ಅಲ್ಲ, ಪೂರ್ತಿ ಗೇಮ್ ಎಂಜಿನ್ನು (ಆಟ ಮಾಡೋಕೆ ಬೇಕಾದ್ದೆಲ್ಲ ಒಂದೇ ಕಡೆ ಇರೋ ಸಾಫ್ಟ್‌ವೇರು), ಅದ್ರೊಳಗಿನ ಭಾಷೆ ಜಿಡಿಸ್ಕ್ರಿಪ್ಟ್, ನೋಡೋಕೆ ಪೈಥಾನಿನ ತಮ್ಮ. ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ, ಏರಿಯಲ್ ಮಂಜೂರ್ ಶುರು ಮಾಡಿದ್ದು, 2014ರಲ್ಲಿ ಓಪನ್ ಸೋರ್ಸ್ ಆಯ್ತು, 4.0 ಬಂದಿದ್ದು 2023ರ ಮಾರ್ಚಲ್ಲಿ. ಫ್ರೀ ಅಂದ್ರೆ ನಿಜವಾಗ್ಲೂ ಫ್ರೀ, ನಿಮ್ಮ ಆಟ ಕೋಟಿ ದುಡಿದ್ರೂ ಅವ್ರಿಗೆ ಒಂದು ಪೈಸೆ ಕೊಡೋ ಹಂಗಿಲ್ಲ. ಬ್ರೊಟಾಟೊ, ಡೋಮ್ ಕೀಪರ್ ತರದ ದುಡ್ಡಿಗೆ ಮಾರಾಟ ಆಗೋ ಆಟ ಇದ್ರಲ್ಲೇ ಆಗಿರೋದು.

ಡೌನ್‌ಲೋಡ್ ಸಣ್ಣದು, ಜಿಪ್ ಬಿಚ್ಚಿ ಡಬಲ್ ಕ್ಲಿಕ್ ಮಾಡಿದ್ರೆ ಆಯ್ತು. 4 ಜಿಬಿ ಲ್ಯಾಪ್‌ಟಾಪ್ ಹುಡುಗ ಇದನ್ನ ಗಮನಿಸ್ಲಿ: ಹೊಸ ಪ್ರಾಜೆಕ್ಟ್ ಮಾಡುವಾಗ ರೆಂಡರರ್ (ಸ್ಕ್ರೀನಲ್ಲಿ ಚಿತ್ರ ಬಿಡಿಸೋ ಭಾಗ) ಯಾವ್ದು ಅಂತ ಕೇಳತ್ತೆ, ಅಲ್ಲಿ ಕಂಪ್ಯಾಟಿಬಿಲಿಟಿ ಅನ್ನೋದನ್ನ ಒತ್ತು. ಮೊದಲೇ ಗುರುತು ಹಾಕಿರೋ ಫಾರ್ವರ್ಡ್ ಪ್ಲಸ್‌ಗೆ ವಲ್ಕನ್ ತರದ ಹೊಸ ಕಾಲದ ಗ್ರಾಫಿಕ್ಸ್ ವ್ಯವಸ್ಥೆ ಬೇಕು, ಹಳೇ ಮೆಷೀನಲ್ಲಿ ಅದಿಲ್ದೇ ಇರ್ಬಹುದು.

ಮಾವಿನಕಾಯಿ ಆಟ ಇಲ್ಲಿ ಮಜಾ ಬಂತು, ಆದ್ರೆ ಮೊದಲ ಸಂಜೆ ಅಲ್ಲ. ಮೊದಲೆರಡು ಸಂಜೆ ನೋಡ್ (ಆಟದ ಒಂದೊಂದು ಬಿಡಿ ತುಂಡು) ಅಂದ್ರೆ ಏನು, ಸೀನ್ ಅಂದ್ರೆ ಏನು, ಸಿಗ್ನಲ್ ಎಲ್ಲಿ ಜೋಡಿಸ್ಬೇಕು ಅನ್ನೋದ್ರಲ್ಲೇ ಹೋಯ್ತು. ಬುಟ್ಟಿ ಒಂದು ಸೀನು, ಕಾಯಿ ಒಂದು ಸೀನು, ಕಾಯಿ ಬುಟ್ಟಿಗೆ ತಾಗಿದ್ರೆ ಅದೇ ಕೂಗಿ ಹೇಳತ್ತೆ (ಸಿಗ್ನಲ್ ಅಂದ್ರೆ ಇದೇ), ನಾವು ಕೂತು ಲೆಕ್ಕ ಹಾಕ್ಬೇಕಿಲ್ಲ. ಅದು ತಲೆಗೆ ಹೋದ್ಮೇಲೆ ಮಿಕ್ಕಿದ್ದೆಲ್ಲ ಜಾರ್ಕೊಂಡು ಹೋಗತ್ತೆ, ಡೆಲ್ಟಾ ಅಂತೂ ಕೇಳೋದೇ ಬೇಡ, ಪ್ರತಿ ಫ್ರೇಮಿಗೂ, ಅಂದ್ರೆ ಪ್ರತಿ ಚಿತ್ರಕ್ಕೂ, ಅದೇ ಕೈಗೆ ಕೊಡತ್ತೆ. ಕನ್ನಡ ಇಲ್ಲಿ ಸೊಗಸಾಗಿ ಬರತ್ತೆ, 4ರಿಂದ ಹಾರ್ಫ್‌ಬಝ್ (ಅಕ್ಷರ, ಒತ್ತು ಸರಿಯಾಗಿ ಜೋಡಿಸೋ ಲೈಬ್ರರಿ) ಒಳಗೇ ಇದೆ, ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ "ಶಾಸ್ತ್ರ" ಅಂತ ಬರೆದೆ, ಮೂರು ಮಹಡಿ ಅಕ್ಷರನೂ ನೆಟ್ಟಗೆ ಕೂತ್ಕೊಂಡಿತು.

ಎಡವೋ ಜಾಗ ಯಾವ್ದು ಅಂದ್ರೆ ಯೂಟ್ಯೂಬು. ಅರ್ಧಕ್ಕರ್ಧ ಪಾಠ ಹಳೇ 3ನೇ ವರ್ಷನ್ನಿಂದು. ಅದ್ರಲ್ಲಿ ಕೈನೆಮ್ಯಾಟಿಕ್ ಬಾಡಿ ಅಂತಾರೆ, ನಿಮ್ಮ ಎಡಿಟರಲ್ಲಿ ಹುಡುಕಿದ್ರೆ ಸಿಗಲ್ಲ, ಅದ್ರ ಹೆಸ್ರು 4ರಲ್ಲಿ ಕ್ಯಾರೆಕ್ಟರ್ ಬಾಡಿ ಅಂತ ಆಗೋಗಿದೆ. ವಿಡಿಯೋ ಹಾಕೋ ಮುಂಚೆ ಟೈಟಲಲ್ಲಿ 4 ಇದ್ಯಾ ನೋಡಿ. ಕಳ್ಸೋ ವಿಷಯಕ್ಕೆ ಬಂದ್ರೆ ವೆಬ್ಬಿಗೆ, ವಿಂಡೋಸಿಗೆ, ಆಂಡ್ರಾಯ್ಡಿಗೆ ಎಲ್ಲದಕ್ಕೂ ಹೋಗತ್ತೆ, ಆದ್ರೆ ಎಕ್ಸ್‌ಪೋರ್ಟ್ ಟೆಂಪ್ಲೇಟ್ ಅಂತ ಸುಮಾರು 1 ಜಿಬಿ ಬೇರೆ ಇಳಿಸ್ಕೋಬೇಕು, ವೆಬ್ಬಿಗೆ ಮಾಡಿದ ಚಿಕ್ಕ ಆಟನೂ ಹತ್ತಾರು ಎಂಬಿ ಆಗತ್ತೆ, ಹಳ್ಳೀಲಿ ಒಂದು ಕಡ್ಡಿ ನೆಟ್‌ವರ್ಕಲ್ಲಿ ಲಿಂಕ್ ಒತ್ತಿದೋರು ಕಾದು ಕಾದು ಮುಚ್ತಾರೆ. ಜಾವಾಸ್ಕ್ರಿಪ್ಟಿನ ನನ್ನ ಮಾವಿನಕಾಯಿ ಆಟ ಚಿತ್ರ ಸೇರಿ 1 ಎಂಬಿನೂ ಇರ್ಲಿಲ್ಲ.

ಮಿಕ್ಕಿದ್ದು ಬೇಗ ಬೇಗ

ಯೂನಿಟಿ, ಭಾಷೆ ಸಿ ಶಾರ್ಪ್. ಗೇಮ್ ಕಂಪನೀಲಿ ಕೆಲ್ಸ ಬೇಕು, ಬೆಂಗಳೂರಲ್ಲಿ ಮೊಬೈಲ್ ಗೇಮ್ ಮಾಡೋ ಕಡೆ ಸೇರ್ಬೇಕು ಅನ್ನೋರು ಕೊನೆಗೆ ಇಲ್ಲಿಗೆ ಬರ್ಲೇಬೇಕು, ಕೆಲ್ಸದ ಜಾಹೀರಾತು ತೆಗೆದು ನೋಡಿ, ಗೊತ್ತಾಗತ್ತೆ. ಆದ್ರೆ ಹಲವು ಜಿಬಿ ಡಿಸ್ಕು, ಒಳ್ಳೇ ಮೆಷೀನು ಬೇಕು, 8 ಜಿಬಿಗಿಂತ ಕಮ್ಮಿ ರ್ಯಾಮಿದ್ರೆ ಮುಟ್ಬೇಡಿ. 2023ರ ಸೆಪ್ಟೆಂಬರಲ್ಲಿ ಪ್ರತಿ ಇನ್‌ಸ್ಟಾಲಿಗೂ ಫೀಸ್ ಅಂತ ಹೇಳಿ ಎಲ್ರ ಕೈಲೂ ಉಗಿಸ್ಕೊಂಡ್ರು, 2024ರ ಸೆಪ್ಟೆಂಬರಲ್ಲಿ ಅದನ್ನ ಕೈ ಬಿಟ್ರು, ಆ ಗಲಾಟೇಲಿ ಎಷ್ಟೋ ಜನ ಗೊಡಾಟಿಗೆ ಬಂದಿದ್ದು.

ಲವ್ ಅಂತ ಒಂದು ಫ್ರೇಮ್‌ವರ್ಕು, ಭಾಷೆ ಲುವಾ, 1993ರಲ್ಲಿ ಬ್ರೆಜಿಲಲ್ಲಿ ಹುಟ್ಟಿದ್ದು. 2024ರಲ್ಲಿ ಎಲ್ರ ನಿದ್ದೆ ಕೆಡಿಸಿದ ಬಲಾಟ್ರೊ ಆಟ ಇದ್ರಲ್ಲಿ ಮಾಡಿದ್ದೇ. ನನಗೆ ಬರ್ಯೋಕೆ ತುಂಬಾ ಇಷ್ಟ ಆಗಿದ್ದು ಇದೇ, ಆದ್ರೆ ಎಣಿಕೆ 1ರಿಂದ ಶುರು, ಹಂಗಾಗಿ ಅಳಗುಳಿಮಣೆ ಸೂತ್ರ ಗುಳಿ % 14 + 1 ಅಂತ ತಿರುಗಿಸ್ಬೇಕು, ಪೈಥಾನ್ ಅಭ್ಯಾಸದಲ್ಲಿ ಬರೆದು 14ನೇ ಗುಳಿ ಬೀಜ ಎಲ್ಲಿ ಮಾಯ ಆಯ್ತು ಅಂತ ಅರ್ಧ ಗಂಟೆ ಹುಡ್ಕಿದೆ. ಗೇಮ್‌ಮೇಕರ್, ಅಂಡರ್‌ಟೇಲ್ ಅನ್ನೋ ಆಟ ಮಾಡಿದ್ದು ಅದ್ರಲ್ಲಿ, ಮಾರಾಟ ಮಾಡದೇ ಇದ್ರೆ ಫ್ರೀ, ಮಾರೋದಾದ್ರೆ ಒಂದು ಸಲ ಸುಮಾರು 100 ಡಾಲರು. 2ಡಿ ಆಟಕ್ಕೆ ಚೆನ್ನಾಗಿದೆ, ಆದ್ರೆ ಗೊಡಾಟ್ ಫ್ರೀ ಇರುವಾಗ ಹೊಸಬ್ರು ಯಾಕೆ ಖರ್ಚು ಮಾಡ್ಬೇಕು ಅನ್ನೋದು ನನ್ನ ವಾದ. ಪಿಕೊ-8 ಅಂತ ಪುಟ್ಟ ಆಟ ಮಾಡೋ ಸಾಫ್ಟ್‌ವೇರು, ಸುಮಾರು 15 ಡಾಲರು, 128ಕ್ಕೆ 128 ಪಿಕ್ಸೆಲ್ಲು, 16 ಬಣ್ಣ, ಅಷ್ಟರಲ್ಲೇ ಆಟ ಮಾಡ್ಬೇಕು, ಅದು ಚಟ ಹತ್ತಿದೋರಿಗೆ.

ದುಡ್ಡು

ಕಲಿಯೋಕೆ ಸೊನ್ನೆ ರೂಪಾಯಿ ಸಾಕು. ಪ್ಲೇ ಸ್ಟೋರಿಗೆ ಹಾಕ್ಬೇಕು ಅಂದ್ರೆ 25 ಡಾಲರ್ ಒಂದೇ ಸಲ, ಆದ್ರೆ ಈಗ ಹೊಸ ಪರ್ಸನಲ್ ಅಕೌಂಟಿಗೆ ಇನ್ನೊಂದು ಕಟ್ಟಳೆ ಇದೆ, 12 ಜನ ಸತತ 14 ದಿನ ಟೆಸ್ಟಿಂಗಲ್ಲಿ ಸೇರ್ಕೊಂಡಿದ್ರೆ ಮಾತ್ರ ಆಚೆ ಬಿಡೋಕೆ ಅರ್ಜಿ ಹಾಕ್ಬಹುದು. ಮದುವೆ ಮನೆ ವಾಟ್ಸಾಪ್ ಗ್ರೂಪ್ ಇಂಥದ್ದಕ್ಕೇ ಇರೋದು. ಸ್ಟೀಮಿಗೆ (ಕಂಪ್ಯೂಟರ್ ಆಟ ಮಾರೋ ಆನ್‌ಲೈನ್ ಅಂಗಡಿ) ಒಂದು ಆಟಕ್ಕೆ 100 ಡಾಲರು. ಇಚ್.ಐಓ ಫ್ರೀ, ಮೊದಲ ವರ್ಷ ಅಲ್ಲೇ ಇರಿ.

ಆ ನಾಲ್ಕು ಜನಕ್ಕೆ ನಾನು ಹೇಳಿದ್ದು

ಐದನೇ ಕ್ಲಾಸ್ ಹುಡುಗಿಗೆ ಸ್ಕ್ರ್ಯಾಚ್, ಪಕ್ಕದಲ್ಲಿ ಕೂತು ಅಮ್ಮನೂ ಒಂದು ಆಟ ಮಾಡ್ಲಿ, ಕ್ಲಾಸಿಗೆ ದುಡ್ಡು ಕಟ್ಟೋ ಅವಶ್ಯಕತೆ ಇಲ್ಲ. ಡಿಪ್ಲೊಮಾ ಹುಡುಗನಿಗೆ ಗೊಡಾಟ್, ಕಂಪ್ಯಾಟಿಬಿಲಿಟಿ ಮೋಡ್, ಅದೂ ಎಳೀದೇ ಇದ್ರೆ ಜಾವಾಸ್ಕ್ರಿಪ್ಟು, ಕೆಲ್ಸ ಸಿಕ್ಕಿ ಒಳ್ಳೇ ಮೆಷೀನ್ ಬಂದ್ಮೇಲೆ ಬೇಕಾದ್ರೆ ಯೂನಿಟಿ, ಒಂದು ಎಂಜಿನ್ ಕಲ್ತೋನಿಗೆ ಇನ್ನೊಂದು ಅಷ್ಟು ಕಷ್ಟ ಅಲ್ಲ. ಫೋನ್ ಮಾತ್ರ ಇರೋನಿಗೆ ಜಾವಾಸ್ಕ್ರಿಪ್ಟ್, ಅದರ ಜೊತೆ ಕೀಬೋರ್ಡು.

ಬ್ಯಾಂಕಿನವ್ರ ವಿಷಯದಲ್ಲಿ ಎರಡು ದಿನ ಯೋಚ್ನೆ ಮಾಡಿದೆ. ಅಳಗುಳಿಮಣೆಗೆ ಪೈಥಾನ್ ಸಲೀಸು, ಆದ್ರೆ ಅವ್ರಿಗೆ ಬೇಕಿರೋದು ಫೋನಲ್ಲಿ, ಕನ್ನಡದಲ್ಲಿ, ಊರಲ್ಲಿರೋ ಚಿಕ್ಕಮ್ಮಂದಿರು ಒತ್ತಿದ ಕೂಡ್ಲೇ ತೆರ್ಕೋಬೇಕು. ಜಾವಾಸ್ಕ್ರಿಪ್ಟ್ ಅಂದೆ. ಶೇಷದ ಸೂತ್ರ ಅಲ್ಲೂ ಅದೇ. ಮೂರು ವಾರಕ್ಕೆ ಲಿಂಕ್ ಕಳ್ಸಿದ್ರು, 14 ಗುಳಿ, ಕಂದು ಬಣ್ಣದ ಮಣೆ, ಒತ್ತಿದ್ರೆ ಬೀಜ ಸುತ್ತತ್ತೆ. ಈಗ ಕೆಲ್ಸ ನಿಂತಿರೋದು ಕೋಡಿಂಗಿಂದ ಅಲ್ಲ. ಒಂದು ಗುಳೀಲಿ 4 ಬೀಜ ಸೇರಿದ್ರೆ ಆಗಿಂದಾಗ್ಗೆ ಎತ್ಕೋಬೇಕಾ ಬಿಡ್ಬೇಕಾ ಅಂತ ಇಬ್ರು ಚಿಕ್ಕಮ್ಮಂದಿರಿಗೆ ಜಗಳ, ಒಂದೊಂದು ಮನೇಲಿ ಒಂದೊಂದು ರೂಲು. ಎರಡನ್ನೂ ಹಾಕಿ ಶುರುವಲ್ಲೇ ಯಾರ ಮನೆ ರೂಲು ಅಂತ ಒಂದು ಬಟನ್ ಇಡಿ ಅಂದಿದೀನಿ.